ಯಾರ ಬುದ್ಧಿ, ಯಾರ ವಾಣಿ: ‘ಅಂತೀಕ್ವಾ ಎತ್ ನೋವಾ’ ಕುರಿತು ಒಂದು ವಿಮರ್ಶೆ

ಕೃತಕ ಬುದ್ಧಿಮತ್ತೆಗೂ ಮಾನವ ಬುದ್ಧಿಮತ್ತೆಗೂ ಇರುವ ಸಂಬಂಧವನ್ನು ಕುರಿತು ವ್ಯಾಟಿಕನ್ನಿನ ವಿಶ್ವಾಸ ಸಿದ್ಧಾಂತ ವಿಭಾಗವೂ ಸಂಸ್ಕೃತಿ ಮತ್ತು ಶಿಕ್ಷಣ ವಿಭಾಗವೂ ಸೇರಿ ‘ಅಂತೀಕ್ವಾ ಎತ್ ನೋವಾ’ ಎಂಬ ಟಿಪ್ಪಣಿಯೊಂದನ್ನು ಹೊರಡಿಸಿವೆ. ಅದರ ದಿನಾಂಕ 2025ರ ಜನವರಿ 28, ಸಂತ ಥಾಮಸ್ ಅಕ್ವಿನಾಸರ ಸ್ಮರಣೆಯ ದಿನ. ‘ಹಳೆಯದು ಮತ್ತು ಹೊಸದು’ ಎಂಬ ಅರ್ಥದ ಈ ಶೀರ್ಷಿಕೆ, ಮತ್ತಾಯನ ಶುಭಸಂದೇಶದ 13ನೆಯ ಅಧ್ಯಾಯದಲ್ಲಿ ತನ್ನ ಭಂಡಾರದಿಂದ ಹಳತನ್ನೂ ಹೊಸತನ್ನೂ ಹೊರತೆಗೆಯುವ ಮನೆಯೊಡೆಯನನ್ನು ನೆನಪಿಸುತ್ತದೆ. ಒಟ್ಟು 117 ಪರಿಚ್ಛೇದಗಳ ಈ ಬರೆಹವನ್ನು ನಾವು ತರಗತಿಯಲ್ಲಿ ಪಾಠವಾಗಿ ಓದಿಸಿದ್ದೇವೆ. ಅದರ ಸಾರಾಂಶ ಕೊಡುವುದು ಇಲ್ಲಿನ ಉದ್ದೇಶವಲ್ಲ. ಭಾನುವಾರ ಕನ್ನಡದಲ್ಲಿ ಪ್ರಬೋಧನೆ ಮಾಡಬೇಕಾದವನಿಗೆ ಇದು ಏನನ್ನು ಕೊಡುತ್ತದೆ, ಎಲ್ಲಿ ಅವನನ್ನು ಅರ್ಧದಾರಿಯಲ್ಲಿ ಬಿಡುತ್ತದೆ ಎಂಬುದಷ್ಟೇ ನಮ್ಮ ವಿಚಾರಣೆ. ಶಿಕ್ಷಣ, ವೈದ್ಯಕೀಯ, ದುಡಿಮೆ, ಯುದ್ಧ ಇವಕ್ಕೆಲ್ಲ ಪ್ರತ್ಯೇಕ ಭಾಗಗಳಿರುವ ಟಿಪ್ಪಣಿಯಲ್ಲಿ ಪ್ರಬೋಧನೆಗೆ ಅಂಥ ಭಾಗವಿಲ್ಲ. ಇಲ್ಲದ್ದನ್ನು ಕೇಳುವುದು ಅನ್ಯಾಯವೆಂದು ಯಾರಾದರೂ ಹೇಳಬಹುದು. ಆದರೆ ನಮ್ಮ ಗುರುಮಠಗಳಲ್ಲಿ ಈ ಯಂತ್ರ ಮೊದಲು ಕಾಲಿಟ್ಟಿರುವುದು ಪ್ರಬೋಧನೆಯ ಮೇಜಿಗೇ.

ಟಿಪ್ಪಣಿಯ ಬಲ ಅದರ ಮಾನವಶಾಸ್ತ್ರದಲ್ಲಿದೆ. ಯಂತ್ರದ ವಿಷಯದಲ್ಲಿ ಬುದ್ಧಿಮತ್ತೆಯೆಂದರೆ ಕಾರ್ಯವೊಂದನ್ನು ಮುಗಿಸುವ ಸಾಮರ್ಥ್ಯ. ಮನುಷ್ಯನ ವಿಷಯದಲ್ಲಿ ಅದು ದೇಹ, ಸಂಬಂಧ, ಸತ್ಯದ ಹಂಬಲ, ದೇವರೆಡೆಗಿನ ತೆರವು ಇವೆಲ್ಲವುಗಳಿಂದ ಬೇರ್ಪಡಿಸಲಾಗದ ಒಂದು ಇರವು. ಮಧ್ಯಯುಗದ ಚಿಂತಕರು ‘ಇಂಟೆಲೆಕ್ತುಸ್’ ಎಂದು ಕರೆದ ಒಳಗಾಣ್ಕೆಯನ್ನೂ ‘ರಾತ್ಸಿಯೊ’ ಎಂದು ಕರೆದ ಹೆಜ್ಜೆಹೆಜ್ಜೆಯ ತರ್ಕವನ್ನೂ ಒಂದೇ ಬುದ್ಧಿಯ ಎರಡು ಮುಖಗಳಾಗಿ ಟಿಪ್ಪಣಿ ನೆನಪಿಗೆ ತರುತ್ತದೆ. ಕೃತಕ ಬುದ್ಧಿಮತ್ತೆಯನ್ನು ಮಾನವ ಬುದ್ಧಿಯ ಇನ್ನೊಂದು ರೂಪವೆಂದು ಕಾಣದೆ, ಅದರ ಒಂದು ಉತ್ಪನ್ನವೆಂದು ಕಾಣಬೇಕೆಂಬ ಮಾತನ್ನು ನಾವು ಪೂರ್ಣವಾಗಿ ಒಪ್ಪುತ್ತೇವೆ.

ಈ ಭಾಗವನ್ನು ತರಗತಿಗಾಗಿ ಕನ್ನಡಕ್ಕೆ ತರುವಾಗ, ಮುಚ್ಚುಮರೆಯಿಲ್ಲದೆ ಹೇಳುವುದಾದರೆ, ನಾವೂ ಯಂತ್ರದ ನೆರವು ಪಡೆದೆವು. ಅದು ಕೊಟ್ಟ ಅನುವಾದದಲ್ಲಿ ‘ಇಂಟೆಲೆಕ್ತುಸ್’ ಮತ್ತು ‘ರಾತ್ಸಿಯೊ’ ಎರಡೂ ‘ಬುದ್ಧಿ’ಯೇ ಆಗಿದ್ದವು. ತಿದ್ದಲು ಕುಳಿತಾಗ ತಪ್ಪು ಯಂತ್ರದ್ದು ಮಾತ್ರವಲ್ಲವೆಂದು ಹೊಳೆಯಿತು. ನಮ್ಮ ಮಾತಿನಲ್ಲಿ ‘ಬುದ್ಧಿ’ ಎಂಬ ಪದದ ಹರವು ಇಂಗ್ಲಿಷಿನ ‘ಇಂಟೆಲಿಜೆನ್ಸ್’ಗಿಂತ ಬಹಳ ದೊಡ್ಡದು. ಲೆಕ್ಕ ಬಲ್ಲವನಿಗೆ ಬುದ್ಧಿಯಿದೆ ಎನ್ನುತ್ತೇವೆ, ನಿಜ. ಆದರೆ ದಾರಿ ತಪ್ಪಿದ ಮಗನಿಗೆ ತಾಯಿ ‘ಬುದ್ಧಿ ಹೇಳುತ್ತಾಳೆ’, ಪೆಟ್ಟು ತಿಂದವನಿಗೆ ‘ಬುದ್ಧಿ ಬರುತ್ತದೆ’, ಎಷ್ಟು ಓದಿದರೂ ನಡತೆ ಕೆಟ್ಟವನಿಗೆ ‘ಬುದ್ಧಿಯಿಲ್ಲ’. ಟಿಪ್ಪಣಿ ಹಲವು ಪರಿಚ್ಛೇದಗಳಲ್ಲಿ ವಾದಿಸಿ ಸ್ಥಾಪಿಸುವ ಸಂಗತಿ, ಅಂದರೆ ಬುದ್ಧಿಯು ದೇಹದ ಅನುಭವದಿಂದಲೂ ಇನ್ನೊಬ್ಬರ ಮೇಲಿನ ಹೊಣೆಯಿಂದಲೂ ಬೆಳೆಯುವುದೆಂಬುದು, ಕನ್ನಡದ ಆಡುಮಾತಿನಲ್ಲಿ ಆಗಲೇ ಕುಳಿತಿದೆ. ಇದು ನಮಗೆ ಅನುಕೂಲ. ಅಪಾಯವೂ ಇಲ್ಲೇ ಇದೆ. ಯಂತ್ರಕ್ಕೆ ‘ಬುದ್ಧಿ’ ಎಂಬ ಹೆಸರಿಟ್ಟ ಮೇಲೆ ಜನ ಅದರಿಂದ ‘ಬುದ್ಧಿ ಹೇಳಿಸಿಕೊಳ್ಳಲು’ ಹೋಗುವುದು ಸಹಜ. ಮದುವೆಯ ಬಿರುಕು, ಸಾಲ, ಮಗಳ ಓದು ಇವುಗಳ ಬಗ್ಗೆ ಹಿಂದೆ ಗುರುಗಳ ಬಳಿಯೋ ಊರ ಹಿರಿಯರ ಬಳಿಯೋ ಕೇಳುತ್ತಿದ್ದ ಪ್ರಶ್ನೆಗಳು ಈಗ ಫೋನಿಗೆ ಹೋಗುತ್ತಿವೆ. ಜನರನ್ನು ಈ ಬಗ್ಗೆ ಎಚ್ಚರಿಸಬೇಕಾದವರೇ ಪ್ರಬೋಧನೆಯನ್ನು ಅದೇ ಫೋನಿನಿಂದ ಪಡೆಯುತ್ತಿದ್ದರೆ ಎಚ್ಚರಿಕೆಗೆ ಬೆಲೆಯೇನು?

ಒಂದು ಪ್ರಸಂಗವನ್ನು ಹೇಳಬೇಕು. ರಜೆಯ ದಿನಗಳಲ್ಲಿ ನಾವು ಗುರುಅಭ್ಯರ್ಥಿಗಳೊಡನೆ ಕಲಬುರಗಿ ಸೀಮೆಯಲ್ಲಿ, ವಾಡಿಯ ಸುತ್ತ, ಧರ್ಮಕೇಂದ್ರದ ಅನುಭವಕ್ಕಾಗಿ ಉಳಿಯುವುದುಂಟು. ವಾಡಿ ಎಂದರೆ ಬಹುಮಂದಿಗೆ ರಾತ್ರಿ ರೈಲಿನಲ್ಲಿ ಕೇಳಿಸುವ ಒಂದು ಜಂಕ್ಷನ್ನಿನ ಹೆಸರು. ಮುಂಬಯಿ–ಚೆನ್ನೈ ಹಳಿಯಿಂದ ಸಿಕಂದರಾಬಾದಿನ ಹಳಿ ಬೇರೆಯಾಗುವ ಜಾಗ. ಅಲ್ಲಿ ಬಾಳುವವರಿಗೆ ಅದು ಸಿಮೆಂಟು ಕಾರ್ಖಾನೆಯ ಊರು, ಸುಣ್ಣಕಲ್ಲಿನ ಧೂಳಿನ ಊರು. ಪಕ್ಕದ ಶಹಾಬಾದಿನ ಫರ್ಸಿಕಲ್ಲು ದೇಶದ ಎಷ್ಟೋ ಮನೆಗಳ ನೆಲವಾಗಿದೆ. ಬಲಿಪೂಜೆಗೆ ಬರುವವರ ಮನೆಮಾತು ಕನ್ನಡ, ತೆಲುಗು, ದಖನಿ ಉರ್ದು, ಮರಾಠಿ, ಲಂಬಾಣಿ ಏನೂ ಇರಬಹುದು. ಬೆಂಚಿನಲ್ಲಿ ಕೂಡುವ ಗಂಡಸರಲ್ಲಿ ಗುತ್ತಿಗೆ ಕಾರ್ಮಿಕರು, ಗಣಿಗೆ ಹೋಗುವವರು, ಬೆಳಿಗ್ಗೆ ನಾಕಾದಲ್ಲಿ ನಿಂತು ಯಾರಾದರೂ ಕರೆದರೆ ಮಾತ್ರ ಅಂದಿನ ಕೂಲಿ ಕಾಣುವವರು ಇದ್ದಾರೆ.

ಆ ಭಾನುವಾರದ ಶುಭಸಂದೇಶ ಮತ್ತಾಯ 20ನೆಯ ಅಧ್ಯಾಯದ್ದು, ದ್ರಾಕ್ಷಿತೋಟದ ಕೂಲಿಯಾಳುಗಳ ಸಾಮತಿ. ಅಭ್ಯರ್ಥಿಯೊಬ್ಬ ಪ್ರಬೋಧನೆ ಓದಿದ. ಭಾಷೆ ಶುದ್ಧ, ಕಟ್ಟಡ ಅಚ್ಚುಕಟ್ಟು. ದೇವರ ಔದಾರ್ಯ ಮಾನವ ಲೆಕ್ಕಾಚಾರವನ್ನು ಮೀರಿದ್ದು ಎಂಬ ಸಿದ್ಧಾಂತದಲ್ಲಿ ಒಂದು ತಪ್ಪೂ ಇರಲಿಲ್ಲ. ‘ಇಂದಿನ ವೇಗದ ಜಗತ್ತಿನಲ್ಲಿ’ ಎಂದು ಆರಂಭವಾಗಿ, ಮೂರು ಅಂಶಗಳಾಗಿ ಒಡೆದು, ಒಂದು ಪ್ರಶ್ನೆಯೊಂದಿಗೆ ಮುಗಿಯಿತು. ಮುಗಿದ ಮೇಲೆ ಅಲ್ಲಿನ ಹಿರಿಯ ಧರ್ಮೋಪದೇಶಿ ತಾಯಿ ನಮ್ಮ ಬಳಿ ಬಂದು ಮೆಲ್ಲಗೆ ಹೇಳಿದರು: “ಬ್ರದರ್ ಭಾಳ ಚಂದ ಹೇಳ್ಯಾರ್ರೀ ಫಾದರ್. ಆದ್ರ ಯಾರಿಗಿ ಹೇಳ್ಯಾರ, ಅದೊಂದು ತಿಳೀಲಿಲ್ರಿ.” ಕೇಳಿದಾಗ ಅಭ್ಯರ್ಥಿ ಏನನ್ನೂ ಮುಚ್ಚಿಡಲಿಲ್ಲ. ಯಂತ್ರ ಬರೆದದ್ದನ್ನು ತಾನು ಎರಡು ಬಾರಿ ತಿದ್ದಿದ್ದೇನೆಂದ. ತಿದ್ದಿದ್ದು ಹೌದು, ಕಾಗುಣಿತವನ್ನು.

ಆ ಸಾಮತಿಯನ್ನೇ ಮತ್ತೆ ನೋಡೋಣ. ತೋಟದ ಯಜಮಾನನಿಗೆ ಮೇಸ್ತ್ರಿಯಿದ್ದಾನೆ, ಸಂಜೆ ಕೂಲಿ ಹಂಚುವವನು ಅವನೇ. ಆದರೂ ಆಳುಗಳನ್ನು ಹುಡುಕಲು ಯಜಮಾನ ಅವನನ್ನು ಕಳುಹಿಸುವುದಿಲ್ಲ, ದಿನಕ್ಕೆ ಐದು ಸಲ ತಾನೇ ಪೇಟೆಗೆ ಹೋಗುತ್ತಾನೆ. ಕೊನೆಯ ತಾಸಿನಲ್ಲಿ ನಿಂತವರನ್ನು ಕಂಡು, ಏಕೆ ನಿಂತಿದ್ದೀರೆಂದು ಕೇಳುತ್ತಾನೆ. ಯಾರೂ ತಮ್ಮನ್ನು ಕೆಲಸಕ್ಕೆ ಕರೆಯಲಿಲ್ಲವೆಂದು ಅವರು ಉತ್ತರಿಸುತ್ತಾರೆ. ಅವರ ಬಾಯಿಂದ ಆ ಮಾತು ಹೊರಟ ಮೇಲೆಯೇ ಅವರಿಗೆ ಕೆಲಸ ಸಿಗುತ್ತದೆ. ಔದಾರ್ಯದ ಬಗ್ಗೆ ಅಷ್ಟೊಂದು ಹೇಳಿದ ಪ್ರಬೋಧನೆಯಲ್ಲಿ ಈ ಪ್ರಶ್ನೋತ್ತರ ಇರಲೇ ಇಲ್ಲ. ಎದುರಿನ ಬೆಂಚಿನಲ್ಲಿ, ಆ ವಾರ ಮೂರೇ ದಿನ ಕೆಲಸ ಕಂಡವನು ಕುಳಿತಿದ್ದ.

ಇಲ್ಲಿ ಒಂದು ಆಕ್ಷೇಪಕ್ಕೆ ಉತ್ತರ ಹೇಳದೆ ಮುಂದೆ ಹೋಗುವಂತಿಲ್ಲ. ಇನ್ನೊಬ್ಬರ ಪ್ರಬೋಧನೆಯನ್ನು ಎರವಲು ಪಡೆಯುವುದು ಧರ್ಮಸಭೆಯಲ್ಲಿ ಹೊಸದೇನಲ್ಲ. ಸಂತ ಅಗಸ್ತೀನರು ‘ದೆ ದೊಕ್ತ್ರೀನಾ ಕ್ರಿಸ್ತಿಯಾನಾ’ದ ನಾಲ್ಕನೆಯ ಪುಸ್ತಕದ ಕೊನೆಯಲ್ಲಿ, ಚೆನ್ನಾಗಿ ನುಡಿಯಬಲ್ಲರೂ ಸ್ವತಃ ರಚಿಸಲಾರದವರು ಇತರರ ಬರೆಹವನ್ನು ಕಂಠಪಾಠ ಮಾಡಿ ಹೇಳಬಹುದೆಂದು ಅನುಮತಿಸಿದ್ದಾರೆ. ಷಾರ್ಲ್‌ಮೇನನ ಅಪ್ಪಣೆಯಂತೆ ಪೌಲ್ ಡೀಕನ್ ಪಿತೃಗಳ ಪ್ರಬೋಧನೆಗಳ ಸಂಗ್ರಹವನ್ನೇ ಸಿದ್ಧಪಡಿಸಿದ. ನಮ್ಮ ಕಪಾಟಿನಲ್ಲೂ ವರ್ಷ ಎ, ಬಿ, ಸಿ ಎಂದು ಬೆನ್ನಿಗೆ ಬರೆದ ಪ್ರಬೋಧನಾ ಪುಸ್ತಕಗಳಿವೆ, ಸುಸ್ತಾದ ಶನಿವಾರ ರಾತ್ರಿಗಳಲ್ಲಿ ಅವನ್ನು ತೆರೆದವರಲ್ಲಿ ನಾವೂ ಒಬ್ಬರು. ಆದ್ದರಿಂದ ‘ಅದು ನಿನ್ನ ಸ್ವಂತದ್ದಲ್ಲ’ ಎಂದು ಅಭ್ಯರ್ಥಿಯನ್ನು ಗದರಿಸುವ ಅಧಿಕಾರ ನಮಗಿಲ್ಲ. ಆ ವಾದ ಟೊಳ್ಳು.

ವ್ಯತ್ಯಾಸ ಬೇರೆಡೆ ಇದೆ. ಅಗಸ್ತೀನರ ಮಾತನ್ನು ಎರವಲು ತಂದವನ ಕೈಯಲ್ಲಿ ಹಿಪ್ಪೋ ನಗರದ ಸಭೆಯ ಮುಂದೆ ನಿಂತಿದ್ದ ಒಬ್ಬ ಮನುಷ್ಯನ ಮಾತಿತ್ತು. ಅದು ಬೇರೊಂದು ಊರಿನದೆಂದು ಓದಿದೊಡನೆ ತಿಳಿಯುತ್ತದೆ. ಹಾಗೆ ತಿಳಿಯುವುದರಿಂದಲೇ ಅದನ್ನು ತನ್ನ ಊರಿಗೆ ತರುವ ಕೆಲಸ ಓದುಗನ ಮೇಲೆ ಬೀಳುತ್ತದೆ. ಯಂತ್ರದ ಪ್ರಬೋಧನೆಗೆ ಊರೇ ಇಲ್ಲ. ಯಾರ ಮುಂದೆಯೂ ಅದನ್ನು ಯಾರೂ ನುಡಿದಿರಲಿಲ್ಲ. ಎಲ್ಲಿಯದೂ ಅಲ್ಲದ್ದರಿಂದ ಎಲ್ಲೆಡೆಯೂ ಸಲ್ಲುವಂತೆ ಅದು ತೋರುತ್ತದೆ. ಪೋಪ್ ಫ್ರಾನ್ಸಿಸರು 2013ರ ‘ಎವಾಂಜೆಲಿ ಗೌದಿಯುಂ’ನಲ್ಲಿ ಪ್ರಬೋಧಕನು ವಾಕ್ಯಕ್ಕೆ ಮಾತ್ರವಲ್ಲದೆ ಜನರಿಗೂ ಕಿವಿಗೊಡಬೇಕೆಂದು ಬೋಧಿಸಿದರು. ಸಿದ್ಧತೆಯೆಂದರೆ ಬರೆಯುವುದಷ್ಟೇ ಆಗಿದ್ದರೆ ಯಂತ್ರ ಅದನ್ನು ಮಾಡಿಕೊಟ್ಟೀತು. ಕಿವಿಗೊಡುವುದನ್ನು ಮಾಡಿಕೊಡಲಾರದು.

ಹೀಗೆಂದು ಬರೆದ ಕೂಡಲೇ ನಮ್ಮನ್ನು ತಡೆಯುವ ಸಂಗತಿಯೊಂದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಆರ್ಟ್‌ಪಾರ್ಕ್ ಮತ್ತು ಗೂಗಲ್ ಸೇರಿ 2022ರಲ್ಲಿ ಪ್ರಕಟಿಸಿದ ಯೋಜನೆಯೊಂದರ ಹೆಸರು ‘ವಾಣಿ’. ಜಿಲ್ಲೆ ಜಿಲ್ಲೆಗೆ ಹೋಗಿ, ಜನರಿಗೆ ಚಿತ್ರಗಳನ್ನು ತೋರಿಸಿ, ಕಂಡದ್ದನ್ನು ಅವರದೇ ಮಾತಿನಲ್ಲಿ ಹೇಳಿಸಿ ಧ್ವನಿಮುದ್ರಿಸುವುದು ಅದರ ಕ್ರಮ. ಮೊದಲ ಹಂತದ ಜಿಲ್ಲೆಗಳಲ್ಲಿ ಕಲಬುರಗಿಯೂ ಇದೆ. ಬೆಂಗಳೂರಿನ ‘ಕಾರ್ಯ’ ಎಂಬ ಇನ್ನೊಂದು ಸಂಸ್ಥೆ ಹಳ್ಳಿಯ ಕನ್ನಡಿಗರಿಂದ ಫೋನಿನಲ್ಲಿ ವಾಕ್ಯಗಳನ್ನು ಓದಿಸಿ ಆ ಧ್ವನಿಗೆ ಹಣ ಕೊಡುತ್ತದೆ. ಅಂದರೆ ನಮ್ಮ ಸೀಮೆಯ ‘ಯಾರಿಗಿ’, ‘ಹೇಳ್ಯಾರ’, ‘ಬರ್ಲಾಕತ್ತಾರ’ಗಳನ್ನು ಕೂತು ಕೇಳಿಸಿಕೊಂಡವರು ಇದ್ದಾರೆ, ಅವರು ಗುರುಮಠದವರಲ್ಲ. ನಮ್ಮ ಅಭ್ಯರ್ಥಿಗಳು ಬಹುಪಾಲು ದಕ್ಷಿಣದಿಂದ ಬಂದವರು. ಈ ಮಾತನ್ನು ಕೇಳಿ ಮೊದಲ ವಾರ ನಗುತ್ತಾರೆ, ಎರಡನೆಯ ವಾರ ‘ತಿದ್ದಲು’ ತೊಡಗುತ್ತಾರೆ. ಯಂತ್ರ ಕಿವಿಗೊಡಲಾರದೆಂದು ಹೇಳುವ ಮೊದಲು ನಾವು ಎಷ್ಟು ಕಿವಿಗೊಟ್ಟಿದ್ದೇವೆಂದು ಕೇಳಿಕೊಳ್ಳಬೇಕು. ವಾಡಿಯಿಂದ ಸ್ವಲ್ಪವೇ ದೂರ, ಸೇಡಂ ತಾಲ್ಲೂಕಿನ ಮಳಖೇಡ, ಒಂದು ಕಾಲದ ಮಾನ್ಯಖೇಟ. 9ನೆಯ ಶತಮಾನದಲ್ಲಿ ಅಲ್ಲಿನ ರಾಷ್ಟ್ರಕೂಟ ಆಸ್ಥಾನದಲ್ಲಿ ಹುಟ್ಟಿದ ‘ಕವಿರಾಜಮಾರ್ಗ’ ಕನ್ನಡ ಒಂದಲ್ಲ, ಹಲವು ಎಂದು ಆಗಲೇ ಗುರುತಿಸಿತ್ತು. ಸಾವಿರದ ನೂರು ವರ್ಷಗಳ ಮೇಲೆ ಅದೇ ನೆಲದಲ್ಲಿ ನಿಂತು ನಾವು ಎಲ್ಲಿಯದೂ ಅಲ್ಲದ ಒಂದೇ ಕನ್ನಡವನ್ನು ಓದಿ ಹೇಳುತ್ತಿದ್ದೇವೆ.

ಆದರೂ ಎರಡು ಬಗೆಯ ಕೇಳುವಿಕೆಗಳು ಒಂದೇ ಅಲ್ಲ. ಚಿತ್ರ ತೋರಿಸಿ ಮಾತಾಡಿಸಿದಾಗ ಆಡಿದವನ ಧ್ವನಿ ಉಳಿಯುತ್ತದೆ, ಆಡಿದವನು ಮನೆಗೆ ಹೋಗುತ್ತಾನೆ. ಅವನು ಏನು ಹೇಳಿದನೆಂಬುದಕ್ಕಿಂತ ಹೇಗೆ ಉಚ್ಚರಿಸಿದನೆಂಬುದು ಅಲ್ಲಿ ಮುಖ್ಯ. ಅದರಲ್ಲಿ ದೋಷವಿಲ್ಲ, ಕಣ್ಣು ಕಾಣದವರಿಗೆ, ಓದು ಬಾರದವರಿಗೆ ಅದರಿಂದ ಬಹಳ ಉಪಕಾರವಾದೀತು. ಯೊವಾನ್ನನ ಶುಭಸಂದೇಶದ ಆರಂಭದ ‘ಲೋಗೋಸ್’ ಎಂಬ ಪದಕ್ಕೆ ಹಳೆಯ ಕನ್ನಡ ಬೈಬಲು ‘ವಾಕ್ಯ’ವೆಂದೂ ನಮ್ಮ ಬಲಿಪೂಜೆಯಲ್ಲಿ ಓದುವ ಅನುವಾದ ‘ದಿವ್ಯವಾಣಿ’ಯೆಂದೂ ಹೇಳಿದೆ. ಆ ವಾಣಿ ಮನುಷ್ಯರ ಮಾತನ್ನು ಸಂಗ್ರಹಿಸಲು ಬಂದುದಲ್ಲ. ಗಲಿಲೇಯದವರೆಂದು ಉಚ್ಚಾರದಿಂದಲೇ ಗುರುತಾಗುತ್ತಿದ್ದ ಜನರ ನಡುವೆ, ಆ ಉಚ್ಚಾರವನ್ನೇ ತನ್ನದಾಗಿಸಿಕೊಂಡು, ಮೂವತ್ತು ವರ್ಷ ಬಾಳಿತು. ಪೇತ್ರನನ್ನು ಅಂಗಳದ ಬೆಂಕಿಯ ಬಳಿ ಹಿಡಿದುಕೊಟ್ಟದ್ದು ಅವನ ಮಾತಿನ ಧಾಟಿ. ‘ಅಂತೀಕ್ವಾ ಎತ್ ನೋವಾ’ ದೇಹದ ಬಗ್ಗೆ ಇಷ್ಟು ಚೆನ್ನಾಗಿ ಬರೆದೂ, ನಾಲಗೆಯೂ ದೇಹದ ಭಾಗವೆಂಬುದನ್ನು ಬೆಳೆಸದೆ ಬಿಟ್ಟಿದೆ. ಮನುಷ್ಯನು ದೇಹಧಾರಿ ಎಂದರೆ ಅವನು ಒಂದು ಊರಿನ ಮಾತನ್ನು ಆಡುವವನು ಎಂದೂ ಅರ್ಥ. ಅಧಿಕಾರ ಕೆಲವೇ ಕಂಪನಿಗಳ ಕೈಯಲ್ಲಿ ಸೇರುವುದನ್ನು ಟಿಪ್ಪಣಿ ಖಂಡಿಸುತ್ತದೆ. ನುಡಿಯ ಅಚ್ಚು ಕೂಡ ಅದೇ ಕೈಗಳಲ್ಲಿ ಸೇರುತ್ತಿರುವುದು ಆ ಮಾತಿನ ಮುಂದಿನ ಹೆಜ್ಜೆ. ಅದನ್ನು ರೋಮಿನಿಂದ ನಿರೀಕ್ಷಿಸುವುದಕ್ಕಿಂತ ನಮ್ಮಂಥವರು ಇಡುವುದೇ ಸರಿ.

ದುಡಿಮೆಯ ಭಾಗದ ಬಗ್ಗೆ ಒಂದು ಮಾತು ಸಾಕು. 2025ರ ಮೇ 10ರಂದು ಪೋಪ್ ಹದಿನಾಲ್ಕನೆಯ ಲಿಯೋ ಅವರು ಕಾರ್ಡಿನಲರ ಮುಂದೆ ತಮ್ಮ ಹೆಸರಿನ ಆಯ್ಕೆಯನ್ನು ವಿವರಿಸುತ್ತ, 1891ರ ‘ರೇರುಂ ನೊವಾರುಂ’ ಬರೆದ ಹದಿಮೂರನೆಯ ಲಿಯೋ ಅವರನ್ನೂ ಕೃತಕ ಬುದ್ಧಿಮತ್ತೆಯನ್ನೂ ಒಟ್ಟಿಗೆ ಹೆಸರಿಸಿದರು. ವಾಡಿಯಂಥ ಊರಿನಲ್ಲಿ ಆ ಎರಡನೆಯ ಹೆಸರಿಗಿಂತ ಮೊದಲನೆಯದು ಇನ್ನೂ ಹೆಚ್ಚು ತುರ್ತಿನದು; ಇಲ್ಲಿ ಯಂತ್ರದ ಬುದ್ಧಿಗಿಂತ ಮೊದಲೇ ಗುತ್ತಿಗೆಯ ಪದ್ಧತಿ ಬಂದಿದೆ.

ಈಗ ನಮ್ಮ ಪ್ರಬೋಧನಾ ತರಗತಿಯಲ್ಲಿ ಯಂತ್ರವನ್ನು ನಿಷೇಧಿಸಿಲ್ಲ. ಪದಸೂಚಿಗೆ, ಟೈಪಿಂಗಿಗೆ, ಲತೀನಿನ ಒರಟು ಅನುವಾದಕ್ಕೆ ಅದು ಇರಲಿ. ಆದರೆ ಪ್ರತಿ ಪ್ರಬೋಧನೆಯ ಜೊತೆ ಅಭ್ಯರ್ಥಿಯು, ಆ ವಾರ ತಾನು ಯಾರೊಡನೆ ಮಾತಾಡಿದೆ, ಅವರು ತನ್ನನ್ನು ಏನು ಕೇಳಿದರು ಎಂಬುದನ್ನು ಹೆಸರುಗಳಿಲ್ಲದೆ ಅರ್ಧ ಪುಟ ಬರೆದುಕೊಡಬೇಕು. ಅಂಕ ಆ ಅರ್ಧ ಪುಟಕ್ಕೂ ಇದೆ. ವಾಡಿಯ ಆ ಅಭ್ಯರ್ಥಿ ಮರುವಾರ ಬೆಳಿಗ್ಗೆ ಆರಕ್ಕೆ ನಾಕಾಕ್ಕೆ ಹೋಗಿ ನಿಂತಿದ್ದ. ಅವನ ಎರಡನೆಯ ಪ್ರಬೋಧನೆ ಚೆನ್ನಾಗಿರಲಿಲ್ಲ. ತಡವರಿಸಿದ, ನಾಲ್ಕೇ ನಿಮಿಷದಲ್ಲಿ ಮುಗಿಸಿದ. ಆದರೆ ಹತ್ತು ಗಂಟೆಯಾದರೂ ಕರೆ ಬಾರದವನು ಬುತ್ತಿಯನ್ನು ಅಲ್ಲೇ ಉಣ್ಣುತ್ತಾನೋ ಮನೆಗೆ ಒಯ್ಯುತ್ತಾನೋ ಎಂಬುದನ್ನು ಅವನು ಹೇಳಿದಾಗ ಬೆಂಚುಗಳಲ್ಲಿ ಯಾರೂ ಅಲುಗಲಿಲ್ಲ.

ಅದೇ ಅಭ್ಯರ್ಥಿ ನಮ್ಮನ್ನು ಕೇಳಿದ ಪ್ರಶ್ನೆಯೊಂದು ಹಾಗೇ ಉಳಿದಿದೆ. ನಾಳೆ ತಾನು ಒಬ್ಬನೇ ಗುರುವಾಗಿ, ನಾಲ್ಕು ಉಪಕೇಂದ್ರಗಳಿಗೆ ಎರಡು ಭಾಷೆಗಳಲ್ಲಿ, ಶಾಲೆಯ ಆಡಳಿತವನ್ನೂ ಹೊತ್ತು ಬಲಿಪೂಜೆ ಅರ್ಪಿಸುವಾಗ ನಾಕಾಕ್ಕೆ ಹೋಗಲು ಸಮಯವೆಲ್ಲಿ, ಎಂದು. ಧರ್ಮಾಧ್ಯಕ್ಷರೂ ಧರ್ಮಕ್ಷೇತ್ರದ ಗುರುಗಳೂ ಕೂತು ಆ ಹೊರೆಯನ್ನು ಮರುಹಂಚದೆ, ಯಂತ್ರವನ್ನು ಮುಟ್ಟಬೇಡವೆಂದು ಅವನೊಬ್ಬನಿಗೆ ಹೇಳುವುದು ನಮಗೆ ನ್ಯಾಯವೆನಿಸುವುದಿಲ್ಲ.