ಹಿಂದಕ್ಕೆ ಹೋಗಲೊಪ್ಪದ ವಿಂಡೋಸ್

ಸಿಸ್ಟಮ್ ರಿಸ್ಟೋರ್ ಬಂದದ್ದು 2000ದಲ್ಲಿ, ವಿಂಡೋಸ್ ಎಂಇ ಜೊತೆಗೆ. ಎಂಇಗೆ ಒಳ್ಳೆಯ ಹೆಸರು ಬರಲಿಲ್ಲ. ಈ ಒಂದು ಸೌಲಭ್ಯ ಮಾತ್ರ ಎಕ್ಸ್‌ಪಿಗೆ ದಾಟಿ, ವಿಂಡೋಸ್ 11ರವರೆಗೂ ಉಳಿದುಕೊಂಡಿದೆ. ಯೋಚನೆ ಸೊಗಸಾದದ್ದೇ. ಡ್ರೈವರ್ ಬದಲಿಸಿದ ಮೇಲೆ ಪ್ರಿಂಟರ್ ಕೈಕೊಟ್ಟಿತೋ, ಅಪ್‌ಡೇಟ್ ಆದ ಮೇಲೆ ಸ್ಪೀಕರ್ ಸುಮ್ಮನಾಯಿತೋ, ಅದಕ್ಕೆ ಮುಂಚಿನ ಒಂದು ದಿನಾಂಕ ಆರಿಸಿದರೆ ಸಾಕು: ರಿಜಿಸ್ಟ್ರಿ, ಡ್ರೈವರು, ಸಿಸ್ಟಮ್ ಫೈಲುಗಳು ಅಂದಿನ ಸ್ಥಿತಿಗೆ ಮರಳುತ್ತವೆ, ನಮ್ಮ ಫೋಟೋ, ಪತ್ರಗಳು ಇದ್ದ ಹಾಗೇ ಇರುತ್ತವೆ. ನನ್ನ ತಕರಾರಿರುವುದು ಅದು ಸೋತಾಗ ನಡೆದುಕೊಳ್ಳುವ ರೀತಿಯ ಬಗ್ಗೆ.

ಬಹಳ ಹೊತ್ತು ಚಕ್ರ ತಿರುಗಿ, ರೀಸ್ಟಾರ್ಟ್ ಆಗಿ, ಕೊನೆಗೊಂದು ಪುಟ್ಟ ಪೆಟ್ಟಿಗೆ ತೆರೆದುಕೊಳ್ಳುತ್ತದೆ: ರಿಸ್ಟೋರ್ ಯಶಸ್ವಿಯಾಗಲಿಲ್ಲ, ಏನೂ ಬದಲಾಗಿಲ್ಲ. ಕೆಳಗೆ 80070005ರಲ್ಲಿ ಮುಗಿಯುವ ಒಂದು ಸಂಖ್ಯೆ. ಯಾವುದೋ ಫೈಲನ್ನು ಮುಟ್ಟಲು ಅನುಮತಿ ಸಿಗಲಿಲ್ಲ ಎಂದು ಅದರರ್ಥ. ಪೆಟ್ಟಿಗೆ ಮಾತ್ರ ಆಂಟಿವೈರಸ್ ಅಡ್ಡ ಬಂದಿರಬಹುದು ಎಂದು ಊಹೆ ಮಾಡಿ ಕೈತೊಳೆದುಕೊಳ್ಳುತ್ತದೆ. ಕೆಲವೊಮ್ಮೆ ಊಹೆ ಸರಿಯೇ. ಸಂಖ್ಯೆಯ ಕೊನೆಗೆ 91 ಇದ್ದರೆ ಕಥೆಯೇ ಬೇರೆ: ಅಲ್ಲಿ ತೊಡಕಾಗುವುದು ಸ್ಟೋರ್ ಆ್ಯಪ್‌ಗಳಿರುವ ವಿಂಡೋಸ್‌ಆ್ಯಪ್ಸ್ ಎಂಬ ಫೋಲ್ಡರು. ಆ ಫೋಲ್ಡರಿನ ಹೆಸರು ಬದಲಿಸಿ ಮತ್ತೆ ಪ್ರಯತ್ನಿಸಬೇಕು, ಅದೂ ವಿಂಡೋಸ್‌ನ ಹೊರಗಿನಿಂದ. ಮನೆಯಲ್ಲಿ ಕೂತವರಿಗೆ ಇದು ಹೊಳೆಯುವುದಾದರೂ ಹೇಗೆ?

ಇನ್ನೊಂದು ಸಂಗತಿ ಇದಕ್ಕಿಂತ ಹೆಚ್ಚು ಹೇಳುತ್ತದೆ. ವಿಂಡೋಸ್ 10ರಲ್ಲಿ ಅಪ್‌ಡೇಟ್ ಹಾಕಿದ ಮೇಲೆ ರಿಸ್ಟೋರ್ ಮಾಡಿದರೆ ಕೆಲವು ಯಂತ್ರಗಳು ನೀಲಿ ಪರದೆಗೆ ಬಂದು ನಿಲ್ಲುತ್ತಿದ್ದವು. ಕಾರಣವನ್ನು ಮೈಕ್ರೋಸಾಫ್ಟೇ ಬರೆದಿದೆ. ಡ್ರೈವರುಗಳ ಸಹಿ ಇರುವ ಕ್ಯಾಟಲಾಗ್ ಫೈಲುಗಳು ಮೊದಲೇ ಹಳೆಯದಕ್ಕೆ ಮರಳಿರುತ್ತವೆ, ಡ್ರೈವರುಗಳ ಸರದಿ ಬರುವುದು ರೀಸ್ಟಾರ್ಟ್ ಹೊತ್ತಿಗೆ. ಅಷ್ಟರಲ್ಲಿ ಈಗಿನ ಡ್ರೈವರುಗಳೇ ಲೋಡ್ ಆಗಿಬಿಡುತ್ತವೆ, ಸಹಿಗೂ ಡ್ರೈವರಿಗೂ ತಾಳೆಯಾಗುವುದಿಲ್ಲ. ಪರಿಹಾರವಾಗಿ ಕಂಪನಿ ಕೊಟ್ಟ ಸಲಹೆ: ಸೆಟ್ಟಿಂಗ್ಸ್‌ನಿಂದ ಬೇಡ, ರಿಕವರಿ ಪರದೆಯಿಂದ ರಿಸ್ಟೋರ್ ಶುರುಮಾಡಿ. ಓಡುತ್ತಿರುವ ಬಸ್ಸಿನ ಚಕ್ರ ಬಿಚ್ಚಬೇಡಿ ಎಂದು ಬಸ್ ಮಾಡಿದವರೇ ಹೇಳಿದಂತಾಯಿತು. ಹಾಗಿದ್ದರೆ ರಿಸ್ಟೋರ್ ಗುಂಡಿ ವಿಂಡೋಸ್ ಒಳಗೇಕೆ ಇದೆ?

ಸಲಹೆಯೇನೋ ಒಳ್ಳೆಯದು. ಶಿಫ್ಟ್ ಒತ್ತಿಹಿಡಿದು ರೀಸ್ಟಾರ್ಟ್ ಕೊಟ್ಟರೆ ಆ ಪರದೆ ಬರುತ್ತದೆ, ಟ್ರಬಲ್‌ಶೂಟ್ ಒಳಗೆ ಅಡ್ವಾನ್ಸ್ಡ್ ಆಪ್ಷನ್ಸ್‌ನಲ್ಲಿ ರಿಸ್ಟೋರ್ ಸಿಗುತ್ತದೆ. ಡಿಸ್ಕ್‌ಗೆ ಬಿಟ್‌ಲಾಕರ್ ಬೀಗ ಹಾಕಿದ್ದರೆ ಅದರ ಕೀ ಹತ್ತಿರವಿಟ್ಟುಕೊಂಡೇ ಹೊರಡಬೇಕು. ಆಂಟಿವೈರಸ್ ಅಲ್ಲಿ ಎದ್ದೇ ಇರುವುದಿಲ್ಲ, ಅರ್ಧ ಜಗಳ ಅಲ್ಲೇ ಮುಗಿಯುತ್ತದೆ. ಆದರೂ ಬಹುಪಾಲು ಜನ ಇದನ್ನು ಕೊನೆಗೆ ಮಾಡುತ್ತಾರೆ. ಡಿಸ್ಕೇ ಸಾಯುವ ಹಂತದಲ್ಲಿದ್ದರೆ ಯಾವ ರಿಸ್ಟೋರೂ ನಿಲ್ಲದು. ಟಕ್ ಟಕ್ ಸದ್ದು ಬರುತ್ತಿದ್ದರೆ ಮೊದಲು ಫೈಲುಗಳನ್ನು ನಕಲಿಸಿಕೊಳ್ಳಿ, ಉಳಿದದ್ದು ಆಮೇಲೆ.

ಬಾಯಿಂದ ಬಾಯಿಗೆ ಹರಿದಾಡುವ ಒಂದು ಚಿಟ್ಕೆ ವೈದ್ಯ ನನಗೆ ಸಿಟ್ಟು ತರಿಸುತ್ತದೆ: 'ಸಿಸ್ಟಮ್ ಪ್ರೊಟೆಕ್ಷನ್ ಆಫ್ ಮಾಡಿ ಆನ್ ಮಾಡಿ ನೋಡಿ.' ಆಫ್ ಮಾಡಿದ ಗಳಿಗೆಯಲ್ಲೇ ಆ ಡ್ರೈವಿನ ರಿಸ್ಟೋರ್ ಪಾಯಿಂಟುಗಳೆಲ್ಲ, ಅಂದರೆ ಮರಳಲೆಂದು ಉಳಿಸಿಟ್ಟ ಹಳೆಯ ಸ್ಥಿತಿಗಳೆಲ್ಲ, ಅಳಿಸಿಹೋಗುತ್ತವೆ. ಆಮೇಲೆ ಹಿಂದಕ್ಕೆ ಹೋಗುವುದಾದರೂ ಎಲ್ಲಿಗೆ? ಎಷ್ಟೋ ವಿಂಡೋಸ್ 10 ಯಂತ್ರಗಳಲ್ಲಂತೂ ಈ ರಕ್ಷಣೆ ಮೊದಲಿನಿಂದಲೇ ಆಫ್ ಆಗಿರುತ್ತದೆ. ಡಿಸ್ಕ್‌ನಲ್ಲಿ ಜಾಗ ಸಾಲದಿದ್ದರೆ ಹಳೆಯ ಪಾಯಿಂಟುಗಳು ಸದ್ದಿಲ್ಲದೆ ಹೋಗುತ್ತವೆ. ಈ ಕೊನೆಯ ಎರಡನ್ನು ವಿಂಡೋಸ್ ಮುಂಚಿತವಾಗಿ ಹೇಳುವುದಿಲ್ಲ. ಗೊತ್ತಾಗುವುದು ತೊಂದರೆ ಬಂದ ದಿನ.

ಕೊನೆಗೆ ಯಂತ್ರ ಅಂಗಡಿಗೆ ಹೋಗುತ್ತದೆ. 'ಫಾರ್ಮ್ಯಾಟ್ ಹೊಡೆದುಬಿಡೋಣ ಸರ್' ಎಂಬ ಮಾತು ಅಲ್ಲಿ ಸಿದ್ಧವಾಗಿಯೇ ಇರುತ್ತದೆ. ಅವರಿಗದು ವೇಗದ ದಾರಿ, ಒಪ್ಪುತ್ತೇನೆ. ಡೆಸ್ಕ್‌ಟಾಪಿನಲ್ಲಿದ್ದದ್ದೆಲ್ಲ ಸಿ ಡ್ರೈವಿನಲ್ಲೇ ಇರುತ್ತದೆ, ಅದೂ ಅಳಿಸಿಹೋಗುತ್ತದೆ ಎಂದು ಗಿರಾಕಿಗೆ ಹೇಳದೆ ಹಾಗೆ ಮಾಡುವುದನ್ನು ಮಾತ್ರ ಒಪ್ಪಲಾರೆ. ಫೈಲುಗಳನ್ನು ಪೆನ್‌ಡ್ರೈವಿಗೆ ಹಾಕಿ ಉಳಿಸಿಕೊಂಡರೂ, ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದ ಲಗ್ನಪತ್ರಿಕೆ, ಸಂಘದ ವರದಿ ಎಲ್ಲವೂ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನವಾಗಿ ಕಾಣತೊಡಗುತ್ತವೆ. ಕೆಟ್ಟಿರುವುದು ಫೈಲಲ್ಲ, ಫಾಂಟ್ ಹೋಗಿದೆ. ಅದನ್ನು ಮತ್ತೆ ಹಾಕಿದರೆ ಕನ್ನಡ ಮೂಡುತ್ತದೆ. ಅಷ್ಟು ತಿಳಿಯದೆ ಎಷ್ಟೋ ಮನೆಗಳಲ್ಲಿ ಆ ಫೈಲುಗಳನ್ನು ಹಾಳಾದವೆಂದು ಅಳಿಸಿಹಾಕುತ್ತಾರೆ.