ಇಪ್ಪತ್ತೈದು ಡಾಲರಿನ ಚಿಪ್

1975ರ ಸೆಪ್ಟೆಂಬರಿನಲ್ಲಿ, ಸ್ಯಾನ್ ಫ್ರಾನ್ಸಿಸ್ಕೋದ ವೆಸ್ಕಾನ್ ಮೇಳಕ್ಕೆ ಬಂದವರಿಗೆ ಮಾಸ್ ಟೆಕ್ನಾಲಜಿ ಕಂಪನಿ 6502 ಪ್ರೊಸೆಸರನ್ನು 25 ಡಾಲರಿಗೆ ಮಾರಿತು. ಅದರ ಹಿಂದಿನ ವರ್ಷ ಬಂದಿದ್ದ ಇಂಟೆಲ್ 8080ರ ಆರಂಭದ ಬೆಲೆ 360 ಡಾಲರ್. ಈ ಅಂತರವನ್ನು ಕಂಡು 6502 ಅನ್ನು ಅಗ್ಗದ ಮಾಲೆಂದು ಬದಿಗಿಡುವವರು ಅದರ ವಿನ್ಯಾಸವನ್ನು ಗಮನವಿಟ್ಟು ನೋಡಿಲ್ಲ.

6502 ಅನ್ನು ರೂಪಿಸಿದ ಚಕ್ ಪೆಡಲ್ ಮೊಟೊರೊಲಾದಲ್ಲಿದ್ದಾಗ 6800 ಚಿಪ್ಪನ್ನು ಗಿರಾಕಿಗಳಿಗೆ ವಿವರಿಸುತ್ತಿದ್ದರು. ಎಲ್ಲರಿಗೂ ಚಿಪ್ ಇಷ್ಟ, ಬೆಲೆ ಕಷ್ಟ. ಕಡಿಮೆ ಬೆಲೆಯದೊಂದನ್ನು ಮಾಡೋಣವೆಂಬ ಅವರ ಮಾತು ಅಲ್ಲಿ ನಡೆಯಲಿಲ್ಲ. ಬಿಲ್ ಮೆನ್ಶ್ ಮೊದಲಾದ ಸಂಗಾತಿಗಳೊಂದಿಗೆ ಅವರು ಹೊರಬಂದು ಮಾಸ್ ಟೆಕ್ನಾಲಜಿ ಸೇರಿದರು. ಹೊಸ ತಂಡ 6800ರ ಎರಡು ಅಕ್ಯುಮುಲೇಟರುಗಳಲ್ಲಿ ಒಂದನ್ನು ಕೈಬಿಟ್ಟಿತು. 16 ಬಿಟ್ಟಿನ ಇಂಡೆಕ್ಸ್ ರಿಜಿಸ್ಟರಿನ ಬದಲು 8 ಬಿಟ್ಟಿನ ಎರಡನ್ನು ಇಟ್ಟಿತು. ಚಿಪ್ ಚಿಕ್ಕದಾದಷ್ಟೂ ಒಂದು ಸಿಲಿಕಾನ್ ಬಿಲ್ಲೆಯಿಂದ ಹೆಚ್ಚು ಚಿಪ್ಪುಗಳು ಸಿಗುತ್ತವೆ. ಚಿಪ್ಪಿನ ನಕ್ಷೆ ಅಚ್ಚೊತ್ತುವ ಮಾಸ್ಕಿನ ದೋಷಗಳನ್ನು ತಿದ್ದುವ ಕಲೆಯೂ ಈ ಕಂಪನಿಗೆ ಒಲಿದಿದ್ದರಿಂದ ಕೆಟ್ಟುಹೋಗುವ ಚಿಪ್ಪುಗಳು ಕಡಿಮೆಯಾದವು.

ರಿಜಿಸ್ಟರುಗಳು ಕಡಿಮೆಯಾದರೆ ಪ್ರೋಗ್ರಾಮರ್ ಏನು ಮಾಡಬೇಕು? ಉತ್ತರ ಝೀರೋ ಪೇಜಿನಲ್ಲಿದೆ. ಮೆಮೊರಿಯ ಮೊದಲ 256 ಬೈಟುಗಳನ್ನು ಒಂದೇ ಬೈಟಿನ ವಿಳಾಸದಿಂದ ಮುಟ್ಟಬಹುದು; ಆದೇಶ ಚಿಕ್ಕದು, ಓಟ ಚುರುಕು. ಅಲ್ಲಿಟ್ಟ ಎರಡು ಬೈಟುಗಳ ವಿಳಾಸಕ್ಕೆ ವೈ ರಿಜಿಸ್ಟರನ್ನು ಕೂಡಿಸಿ 64 ಕಿಲೋಬೈಟಿನಲ್ಲಿ ಎಲ್ಲಿಗಾದರೂ ಹೋಗಬಹುದು. ಚಿಪ್ಪಿನೊಳಗೆ ಇಲ್ಲದ ರಿಜಿಸ್ಟರುಗಳನ್ನು ಮೆಮೊರಿಯಿಂದ ಕಡ ತಂದ ಈ ಉಪಾಯ ಆ ಕಾಲದ ವಿನ್ಯಾಸಗಳಲ್ಲೇ ಅತ್ಯಂತ ಸೊಗಸಾದದ್ದೆಂದು ನಾನು ನಂಬಿದ್ದೇನೆ. ಸ್ಟೀವ್ ವೋಜ್ನಿಯಾಕ್ ಆಪಲ್ 1 ಕಟ್ಟಲು ಆರಿಸಿದ್ದು ಈ ಚಿಪ್ಪನ್ನೇ. 1977ರ ಆಪಲ್ 2, ಕಮೊಡೋರ್ ಪೆಟ್, 1981ರ ಬಿಬಿಸಿ ಮೈಕ್ರೋ, ಎಲ್ಲದರೊಳಗೂ ಇದೇ ಇತ್ತು. ಎಂಬತ್ತರ ದಶಕದ ಕ್ಲಾಸ್ ಎಂಬ ಕಂಪ್ಯೂಟರ್ ಶಿಕ್ಷಣ ಯೋಜನೆಯಲ್ಲಿ ಭಾರತದ ಶಾಲೆಗಳಿಗೆ ಬಂದದ್ದೂ ಬಿಬಿಸಿ ಮೈಕ್ರೋಗಳೇ.

ಆದರೆ ಉಳಿತಾಯ ಒಂದು ಕಡೆ ಅತಿಯಾಯಿತು. ಸ್ಟ್ಯಾಕಿಗೆ ಸಿಕ್ಕಿದ್ದು ಬರೀ 256 ಬೈಟು, ಅದೂ ಕದಲಿಸಲಾಗದ ಜಾಗದಲ್ಲಿ. ಫಂಕ್ಷನ್ನಿನೊಳಗೆ ಫಂಕ್ಷನ್ನನ್ನು ಕರೆಯುತ್ತ, ಸ್ಥಳೀಯ ವೇರಿಯಬಲ್ಲುಗಳನ್ನು ಸ್ಟ್ಯಾಕಿನಲ್ಲಿಡುವ ಸಿಯಂಥ ಭಾಷೆಗೆ ಇದು ಉಸಿರುಗಟ್ಟಿಸುವ ಕೋಣೆ. 1976ರಲ್ಲಿ ಬಂದ ಝಡ್80 ಈ ವಿಷಯದಲ್ಲಿ ಎಷ್ಟೋ ಉದಾರಿ: 16 ಬಿಟ್ಟಿನ ಸ್ಟ್ಯಾಕ್ ಪಾಯಿಂಟರ್, ಜೋಡಿಸಿ ಬಳಸಬಹುದಾದ ರಿಜಿಸ್ಟರುಗಳು. 6502ರ ಮೇಲೆ ಒಳ್ಳೆಯ ಕಂಪೈಲರ್ ಬರೆಯುವುದು ಕೊನೆಯವರೆಗೂ ಹೆಣಗಾಟವೇ ಆಗಿತ್ತು. ವೇಗ ಬೇಕೆಂದವರು ಅಸೆಂಬ್ಲಿಗೇ ಇಳಿಯಬೇಕಿತ್ತು.