ನಕ್ಷೆಯಲ್ಲಿ ಕಾಣದ ಬಾಡಿಗೆ ಕೋಣೆ

ಊರನ್ನು ಓದುವ ವಿದ್ಯೆಯಲ್ಲಿ ಗೋವೆಗೆ ತನ್ನದೇ ಪರಂಪರೆಯಿದೆ. ಇತಿಹಾಸಕಾರರು, ವಾಸ್ತುಶಿಲ್ಪಿಗಳು, ಪರಿಸರವಾದಿಗಳು, ಗ್ರಾಮಸಭೆಯ ಜನ ಒಂದೇ ನಕ್ಷೆಯ ಸುತ್ತ ಕೂತು ವಾದಿಸುವ ಪರಂಪರೆ ಅದು. ಅದರ ಬಲ, ಕೊರತೆ ಎರಡನ್ನೂ ಒಟ್ಟಿಗೆ ಕಾಣಬೇಕಾದರೆ ಸಾಸಷ್ಟಿಯ ವೆರ್ಣಾಕ್ಕೆ ಹೋಗಬೇಕು.

ಈ ಪರಂಪರೆಯ ಬೇರು ಗಾಂವಕಾರಿ ಎಂಬ ಹಳೆಯ ಗ್ರಾಮ ಒಡೆತನದ ಪದ್ಧತಿಯಲ್ಲಿದೆ. ಗದ್ದೆ, ಗುಡ್ಡ, ಖಾಜನ್ (ಉಪ್ಪುನೀರನ್ನು ತಡೆದು ಪಡೆದ ತಗ್ಗು ನೆಲ) ಕಟ್ಟೆಗಳೆಲ್ಲ ಊರಿನ ಒಡೆತನದಲ್ಲಿದ್ದವು. ಗದ್ದೆಯನ್ನು ಗೇಣಿಗೆ ಹರಾಜು ಹಾಕಿ, ಬಂದ ಹಣದಲ್ಲಿ ಕಟ್ಟೆ, ತೂಬುಗಳನ್ನು ರಿಪೇರಿ ಮಾಡಿಸಿ, ಮಿಕ್ಕದ್ದನ್ನು ಗಾಂವಕಾರರು, ಅಂದರೆ ಊರಿನ ಮೂಲ ಮನೆತನಗಳ ಗಂಡಸರು, ‘ಝೋಣ್’ ಎಂದು ಹಂಚಿಕೊಳ್ಳುತ್ತಿದ್ದರು. ಪೋರ್ಚುಗೀಸರು ಈ ಕಟ್ಟಳೆಗಳನ್ನು 1526ರ ಫೊರಾಲ್ ಎಂಬ ಸನದಿನಲ್ಲಿ ಬರೆದಿಟ್ಟರು. ಮುಂದೆ ವ್ಯವಸ್ಥೆಗೆ ಕೊಮುನಿದಾದ್ ಎಂಬ ಹೆಸರು ನಿಂತಿತು. 1567ರಲ್ಲಿ ವೆರ್ಣಾದ ಮಹಾಲಸೆಯ ಗುಡಿ ನೆಲಸಮವಾಗಿ, ದೇವಿ ಫೋಂಡಾದ ಮಾರ್ದೋಳ ಸೇರಿದಳು. ದೇವಿ ಊರು ಬಿಟ್ಟರೂ ನೆಲದ ಲೆಕ್ಕ ಊರಲ್ಲೇ ಉಳಿಯಿತು.

ಈ ವ್ಯವಸ್ಥೆಯನ್ನು ನಿಷ್ಠುರವಾಗಿ ಅಧ್ಯಯನ ಮಾಡಿದವರು ಗೋವೆಯಲ್ಲೇ ಹುಟ್ಟಿದ ಡಿ.ಡಿ. ಕೋಸಂಬಿ. ಅವರು ಗಾಂವಕಾರಿಯನ್ನು ಸುವರ್ಣಯುಗವೆಂದು ಕೊಂಡಾಡದೆ ಬೆಳೆ, ಜಾತಿ, ಗೇಣಿಗಳ ನಡುವೆ ಇಟ್ಟು ನೋಡಿದರು. ಆ ನಿಷ್ಠುರತೆ ನಂತರದವರಲ್ಲಿ ತೆಳುವಾಯಿತು ಎಂಬುದೇ ನನ್ನ ತಕರಾರು.

ನಂತರದವರ ಸಾಧನೆ ಸಣ್ಣದಲ್ಲ. 2006ರ ಡಿಸೆಂಬರಿನಲ್ಲಿ ಎದ್ದ ಗೋವಾ ಬಚಾವೊ ಅಭಿಯಾನಕ್ಕೆ ಮಣಿದು ಸರ್ಕಾರ ಭೂಬಳಕೆಯ ‘ಪ್ರಾದೇಶಿಕ ಯೋಜನೆ 2011’ನ್ನು ಮರುತಿಂಗಳೇ ಕೈಬಿಟ್ಟಿತು. ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅವರಿದ್ದ ಕಾರ್ಯಪಡೆ ಅದರ ಬದಲಿಗೆ ರೂಪಿಸಿದ ‘ಪ್ರಾದೇಶಿಕ ಯೋಜನೆ 2021’ ನಕ್ಷೆಗಳನ್ನು ಹಳ್ಳಿಗಳ ಮುಂದಿಟ್ಟು ಅಭಿಪ್ರಾಯ ಕೇಳಿತು. ಇಳಿಜಾರು, ಕಾಡು, ಖಾಜನ್‌ಗಳನ್ನು ಪರಿಸರ ಸೂಕ್ಷ್ಮವೆಂದು ಗುರುತಿಸಿತು. ವೆರ್ಣಾದ ಪ್ರಸ್ಥಭೂಮಿಯಲ್ಲಿ ವಿಶೇಷ ಆರ್ಥಿಕ ವಲಯಗಳು ಬರುವುದಿದ್ದವು. ಜನರ ವಿರೋಧದಿಂದ 2007ರ ಕೊನೆಗೆ ಅವು ರದ್ದಾದವು. ಮುರಕಲ್ಲಿನ ಗುಡ್ಡ ಬರಡು ನೆಲವಲ್ಲ, ಮಳೆಗಾಲದ ನೀರನ್ನು ಹೀರಿ ಬುಡದ ಒರತೆಗಳಿಗೆ ಉಣಿಸುವ ಜಲಭಂಡಾರ ಎಂಬ ತಿಳಿವಳಿಕೆ ಇಂಥ ಹೋರಾಟಗಳಿಂದಲೇ ಮನೆಮಾತಾಯಿತು.

ಆದರೆ ವೆರ್ಣಾದ ಇದೇ ಗುಡ್ಡದ ಮೇಲೆ ದೊಡ್ಡ ಕೈಗಾರಿಕಾ ವಸಾಹತು ಇದೆ. ಅಲ್ಲಿ ದುಡಿಯುವವರಲ್ಲಿ, ಅದರ ಗೋಡೆ ಕಟ್ಟಿದವರಲ್ಲಿ, ರಸ್ತೆಗೆ ಜಲ್ಲಿ ಹಾಸಿದವರಲ್ಲಿ ಉತ್ತರ ಕರ್ನಾಟಕದಿಂದ ಗುಳೆ ಬಂದ ನಮ್ಮ ಜನ ಬಹಳ. ಹತ್ತಿರದ ಝುವಾರಿನಗರದ ಓಣಿಗಳಲ್ಲಿ ಕನ್ನಡ ಕಿವಿಗೆ ಬೀಳುತ್ತದೆ. ವಾಸ್ಕೋದ ಬೈನಾ ಕಡಲತೀರದಲ್ಲಿ 2004ರಲ್ಲಿ, ಮತ್ತೆ 2015ರಲ್ಲಿ ಮನೆಗಳು ಉರುಳಿದಾಗ ಬೀದಿಗೆ ಬಿದ್ದವರಲ್ಲೂ ಕನ್ನಡಿಗರು ಬಹಳ ಮಂದಿ ಇದ್ದರು. ಗದ್ದೆ, ಗುಡ್ಡಕ್ಕೆ ಎದ್ದ ದನಿ ಆ ಮನೆಗಳಿಗೆ ಅಷ್ಟೇ ಗಟ್ಟಿಯಾಗಿ ಏಳಲಿಲ್ಲ.

ಕಾರಣ ಬೇರಿನಲ್ಲೇ ಇದೆ. ಝೋಣ್ ಗಂಡು ಸಂತತಿಯ ಹಕ್ಕು. ಹೆಣ್ಣುಮಕ್ಕಳು, ಗೇಣಿದಾರರು, ಕೂಲಿಗಳು ಅದರ ಹೊರಗಿದ್ದರು. ಊರು ಯಾರದು ಎಂಬ ಪ್ರಶ್ನೆಗೆ ವಂಶಾವಳಿ ಉತ್ತರ ಹೇಳುತ್ತಿತ್ತು. ಹೊಸ ಚಿಂತನೆ ಆ ನೆಲಪ್ರೀತಿಯ ಜೊತೆಗೆ ಆ ಬೇಲಿಯನ್ನೂ ಅರಿಯದೆ ಪಡೆದುಕೊಂಡಿತು. ನವಿ ಮುಂಬಯಿಯ ಬೇಲಾಪುರದಲ್ಲಿ, ಸಂಸಾರದೊಡನೆ ಬೆಳೆಯಬಲ್ಲ ಮನೆಗಳನ್ನು ಬಡವರಿಗೂ ನಿಲುಕುವಂತೆ ಕಟ್ಟಿ ತೋರಿಸಿದವರು ಇದೇ ಕೊರಿಯಾ. ಆ ಪಾಠ ವೆರ್ಣಾದ ಗುಡ್ಡ ಹತ್ತಲಿಲ್ಲ. ಕಾರ್ಖಾನೆಗೆ ಜಾಗ ಗುರುತಿಸುವಾಗ ಕಾರ್ಮಿಕ ರಾತ್ರಿ ಎಲ್ಲಿ ಮಲಗುತ್ತಾನೆ ಎಂಬುದು ಯೋಜನೆಯ ಪ್ರಶ್ನೆಯಾಗದೆ, ಮನೆಮಾಲಿಕನ ಮರ್ಜಿಗೆ ಬಿಟ್ಟ ಮಾತಾಯಿತು.

ಈ ಪರಂಪರೆಯನ್ನು ತಳ್ಳಿಹಾಕಿ ಎಂದು ನಾನು ಹೇಳುತ್ತಿಲ್ಲ. ಭೂವಲಯ ಬದಲಾವಣೆಗೆ ಸರ್ಕಾರ ಮಾಡಿದ್ದ ನಿಯಮಗಳನ್ನು 2025ರ ಮಾರ್ಚಿನಲ್ಲಿ ಹೈಕೋರ್ಟ್ ರದ್ದು ಮಾಡಿದ್ದರ ಹಿಂದೆ ಇದೇ ಎಚ್ಚರದ ಜನರಿದ್ದರು. ಒರತೆಯನ್ನು ಎಣಿಸಬಲ್ಲ ವಿದ್ಯೆ ಬಾಡಿಗೆ ಕೋಣೆಯನ್ನೂ ಎಣಿಸಬಲ್ಲದು. ಗ್ರಾಮಸಭೆಯಲ್ಲಿ ಬಾಡಿಗೆದಾರನಿಗೂ ಕುರ್ಚಿ ಹಾಕಲಿ, ಕೈಗಾರಿಕಾ ವಸಾಹತಿನ ನಕ್ಷೆಯಲ್ಲೇ ಕಾರ್ಮಿಕರ ವಸತಿಯೂ ಇರಲಿ. ಗೋವೆಯ ವಿದ್ವಾಂಸರಿಗೆ ಈ ಮಾತು ಹೇಳುವ ನಾವು, ಆ ಜನರನ್ನು ಗುಳೆ ಕಳಿಸಿದ ನಮ್ಮ ಜಿಲ್ಲೆಗಳ ಲೆಕ್ಕವನ್ನೂ ಕೊಡಬೇಕು.